ಆಯ್ತವಾರದ ಡ್ಯೂಟಿ

ನಮ್ಮ ಮನೆಯಲ್ಲಿ ಕ್ರಿಶ್ಚಿಯನ್ನರಿಗೆ ಇದ್ದ ಹೆಸರು ‘ಸೋಮವಾರದ ಗಿರಾಕಿಗಳು’. ಅಮ್ಮ ಕಾರವಾರದ ಕೋಡಿಬಾಗದಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಸೋಮವಾರ ಹಿಂದೂಗಳ ಒಲೆಯ ಮೇಲೆ ಮೀನಿಲ್ಲ. ಏಕಾದಶಿಗಿಲ್ಲ. ಶ್ರಾವಣದ ಮಾತಂತೂ ಬೇಡವೇ ಬೇಡ. ಇದೆಲ್ಲ ಸಮುದ್ರಕ್ಕೆ ಗೊತ್ತಾಗಬೇಕಲ್ಲ! ಮೀನು ಬೀಳುವ ದಿನ ಬೀಳುತ್ತದೆ. ಅಂಥ ದಿನಗಳಲ್ಲಿ ಅಮ್ಮನ ಬುಟ್ಟಿ ಇಳಿಸಿಕೊಳ್ಳುತ್ತಿದ್ದವರು ಕೋಡಿಬಾಗದ ಮತ್ತು ಸೇತುವೆಯಾಚೆ ಸದಾಶಿವಗಡದ ಕ್ರಿಶ್ಚಿಯನ್ ಮನೆಯವರು.

ಹೀಗಾಗಿ ಅಮ್ಮನಿಗೆ ಅವರ ಪಂಚಾಂಗವೂ ಬಾಯಿಪಾಠವಾಗಿತ್ತು. ಯಾವ ಹಬ್ಬಕ್ಕೆ ಇಸವಣ ಮೀನೇ ಬೇಕು, ಯಾವ ಮನೆಯ ಮದುವೆಗೆ ಎಷ್ಟು ಶೆಟ್ಲಿ, ಅಂದರೆ ಸಿಗಡಿ, ಹಿಡಿಯುತ್ತದೆ, ಯಾವ ತಿಂಗಳಲ್ಲಿ ಅವರು ಕೋಳಿ ಕುರಿ ಬಿಡುತ್ತಾರೆ, ಎಲ್ಲ ಗೊತ್ತು. ಓದು ಬರಹ ಅವಳಿಗೆ ಬರದು. ಆದರೆ ಯಾರ ಅಡುಗೆಮನೆಯಲ್ಲಿ ಯಾವ ದಿನ ಏನು ಬೇಯುತ್ತದೆ ಎಂದು ಬಾಗಿಲಲ್ಲಿ ನಿಂತೇ ಹೇಳಬಲ್ಲಳು. ಇಂಥವಳ ಹೊಟ್ಟೆಯಲ್ಲಿ ಹುಟ್ಟಿ, ಅವಳಿಂದಲೇ ಎರಡು ವರ್ಷ ಒಂದು ಗುಟ್ಟನ್ನು ಮುಚ್ಚಿಟ್ಟೆನೆಂದು ನಾನು ನಂಬಿದ್ದೆ. ನನ್ನ ಬುದ್ಧಿಗೆ ಏನು ಹೇಳಬೇಕೋ!

ಗುಟ್ಟು ಇಷ್ಟೆ. ನಾನು ಚರ್ಚಿಗೆ ಹೋಗತೊಡಗಿದ್ದೆ. ನೋಡಲು ಹೋಗುವುದಲ್ಲ, ಮೊಣಕಾಲೂರಿ ಕೂರಲು ಹೋಗುವುದು. ಅಮ್ಮನಿಗೆ ತಿಳಿದರೆ ಅವಳು ನನ್ನನ್ನು ಮಗಳ ಲೆಕ್ಕದಿಂದ ತೆಗೆದುಹಾಕುತ್ತಾಳೆ ಎಂಬ ಹೆದರಿಕೆ ಆ ಎರಡು ವರ್ಷವೂ ನನ್ನ ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿತ್ತು.

ಶುರುವಾದದ್ದು ಅಪ್ಪನಿಂದ. ಅಪ್ಪ ಬೇರೆಯವರ ದೋಣಿಯಲ್ಲಿ ಬಲೆ ಎಳೆಯಲು ಹೋಗುತ್ತಿದ್ದವನು. ಒಳ್ಳೆಯವನು, ಆದರೆ ಕುಡಿಯುತ್ತಿದ್ದ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ನನಗೆ ಬಹಳ ವರ್ಷ ಬೇಕಾಯಿತು. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಒಂದು ದಿನ ಜೋರು ಮಳೆ. ಛತ್ರಿ ಮನೆಯಲ್ಲೇ ಬಿಟ್ಟು ಬಂದಿದ್ದೆ. ಅಪ್ಪ ಕುಡಿದ ಅಮಲಿನಲ್ಲೇ ಆ ಛತ್ರಿ ಹಿಡಿದು ಕಾಲೇಜಿನ ಗೇಟಿಗೆ ಬಂದ. ತಾನು ಪೂರ್ತಿ ನೆನೆದಿದ್ದ, ಛತ್ರಿ ಬಿಡಿಸಿಯೇ ಇರಲಿಲ್ಲ. ಗೇಟಿನಲ್ಲಿ ನಿಂತು ಮನೆಯಲ್ಲಿ ನನ್ನನ್ನು ಕರೆಯುವ ಅಡ್ಡಹೆಸರು ಹಿಡಿದು ದೊಡ್ಡ ದನಿಯಲ್ಲಿ ಕರೆದ. ಗೆಳತಿಯರು ಕಿಸಕ್ಕನೆ ನಕ್ಕರು. ನಾನು ಛತ್ರಿ ಕಸಿದುಕೊಂಡೆ. ಸಂಜೆ ಮನೆಯಲ್ಲಿ ಎಲ್ಲರೆದುರು ಹೇಳಿದೆ.

“ಇನ್ನು ಮೇಲೆ ನೀ ನನ್ನ ಅಪ್ಪ ಹೇಳಿ ಯಾರ ಹತ್ರವೂ ಹೇಳ್ಕಬೇಡ. ನಂಗೆ ಮರ್ಯಾದಿ ಅದೆ.”

ಅಂದಿನಿಂದ ನಾಲ್ಕು ತಿಂಗಳು ಅವನ ಹತ್ತಿರ ಮಾತಿಲ್ಲ. ನನ್ನ ಸಿಟ್ಟು ಅಂಥದ್ದು, ಬಂದರೆ ಬಂತು. ಅಪ್ಪ ತನಗೆ ತಿಳಿದ ರೀತಿಯಲ್ಲಿ ರಾಜಿಗೆ ಬಂದ. ನನಗೆ ಮೀನಿನ ತತ್ತಿ, ನಾವು ಗಾಬೋಳಿ ಎನ್ನುತ್ತೇವೆ, ಚಿಕ್ಕಂದಿನಿಂದ ಪ್ರಾಣ. ಮಳೆಗಾಲ ಮುಗಿದು ದೋಣಿ ಇಳಿದ ಮೇಲೆ, ತನ್ನ ಪಾಲಿನ ಮೀನಿನಲ್ಲಿ ತತ್ತಿ ಸಿಕ್ಕಿದಾಗಲೆಲ್ಲ ಹುರಿಸಿ ನನ್ನ ತಟ್ಟೆಯ ಅಂಚಿಗೆ ಇಟ್ಟು ಸುಮ್ಮನೆ ಕೂರುತ್ತಿದ್ದ. ನಾನು ಅದನ್ನು ಅವನ ಕಣ್ಣೆದುರೇ ಬೆಕ್ಕಿಗೆ ಹಾಕುತ್ತಿದ್ದೆ. ಅಕ್ಟೋಬರಿನಲ್ಲಿ ಕಾಮಾಲೆ ಬಂತು, ಹನ್ನೆರಡು ದಿನ ಆಸ್ಪತ್ರೆಯಲ್ಲಿ ಮಲಗಿದ, ಹೋದ. ಆಸ್ಪತ್ರೆಯಲ್ಲೂ ನಾನು ಬಾಗಿಲ ಹತ್ತಿರ ನಿಂತೆನೇ ಹೊರತು ಮಾತಾಡಲಿಲ್ಲ. ನಾಳೆ ಆಡೋಣ ಅಂದುಕೊಂಡಿದ್ದೆ.

ಕಾಗೆಗೆ ಪಿಂಡ ಇಡುವ ದಿನ ಕಡಲ ದಂಡೆಗೆ ಹೋದೆವು. ಅಮ್ಮ ಮನೆಯಲ್ಲೇ ಉಳಿದಳು. ಅಣ್ಣ ಎಲೆಯ ಮೇಲೆ ಅನ್ನ ಇಟ್ಟು ಕೈಮುಗಿದ. ಕಾಗೆಯಿಲ್ಲ. ಕಾರವಾರದ ದಂಡೆಯಲ್ಲಿ ಕಾಗೆಗೆ ಬರಗಾಲವೇ? ಅಂದು ಆಕಾಶದಲ್ಲಿ ಒಂದೂ ಇರಲಿಲ್ಲ. ಅರ್ಧ ಗಂಟೆ ಕಾದೆವು. ಸತ್ತವನ ಮನಸ್ಸಿನಲ್ಲಿ ಏನೋ ಉಳಿದಿದೆ, ಅದಕ್ಕೇ ಕಾಗೆ ಮುಟ್ಟುತ್ತಿಲ್ಲ ಎಂದರು. ನಮ್ಮಲ್ಲಿ ಹಾಗಾದಾಗ ಒಬ್ಬೊಬ್ಬರೇ ಮುಂದೆ ಹೋಗಿ ಸತ್ತವನಿಗೆ ಮಾತು ಕೊಡಬೇಕು. ಅಣ್ಣ ಹೇಳಿದ, “ಅಪ್ಪಾ, ತಂಗಿ ಮದ್ವೆ ನಾ ಮಾಡ್ತೆ. ಅಮ್ಮನ್ನ ನೋಡ್ಕಂತೆ.” ಕಾಗೆ ಬರಲಿಲ್ಲ. ಚಿಕ್ಕಪ್ಪ ಏನೋ ಹೇಳಿದ. ಬರಲಿಲ್ಲ. ಆಮೇಲೆ ಎಲ್ಲರ ಮುಖ ನನ್ನ ಕಡೆಗೆ ತಿರುಗಿತು.

“ಹುಡ್ಗಿ, ನೀ ಎಂತಾದ್ರೂ ಹೇಳು,” ಎಂದ ಚಿಕ್ಕಪ್ಪ.

ಮನೆಯಲ್ಲಿ ನಡೆದದ್ದು ಕೇರಿಗೆಲ್ಲ ಗೊತ್ತಿತ್ತು. ತಪ್ಪಾಯ್ತು ಎಂಬ ಒಂದು ಮಾತು ಸಾಕಿತ್ತು. ಅಷ್ಟು ಜನರ ಕಣ್ಣು ನನ್ನ ಮೇಲಿರುವಾಗ ಬಾಯಿ ತೆರೆಯಲೇ ಇಲ್ಲ. ಕೊನೆಗೆ ಭಟ್ಟರು ದರ್ಭೆಯಲ್ಲಿ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿ ಶಾಸ್ತ್ರ ಮುಗಿಸಿದರು. ಬರುವಾಗ ಎಲ್ಲರೂ ನನ್ನನ್ನು ಹಿಂದೆ ಬಿಟ್ಟು ನಡೆದರು. ಅಪ್ಪ ನನ್ನನ್ನು ಕ್ಷಮಿಸದೆ ಹೋದ ಎಂಬುದು ಆ ದಿನ ನನ್ನ ಮಟ್ಟಿಗೆ ಖಾತ್ರಿಯಾಯಿತು.

ಅಲ್ಲಿಂದ ಒಂದು ತಿಂಗಳು ಅಮ್ಮ ಹೊರಗೆ ಹೋಗುವಂತಿರಲಿಲ್ಲ. ಗಿರಾಕಿ ತಪ್ಪಬಾರದೆಂದು ಬುಟ್ಟಿ ನಾನು ಹೊತ್ತೆ. ಸೋಮವಾರದ ಗಿರಾಕಿಗಳಲ್ಲಿ ಒಬ್ಬ ಅಜ್ಜಿ ಇದ್ದಳು. ಕೋಡಿಬಾಗದಲ್ಲಿ ಕಾಳಿ ನದಿಯ ಬದಿಗೆ ಮನೆ. ಮಗ ಸೊಸೆ ಮೊಮ್ಮಕ್ಕಳು ತುಂಬಿದ ಮನೆಯಾದರೂ ಮೀನು ಆರಿಸುವ ಅಧಿಕಾರ ಆ ಅಜ್ಜಿಯದೇ. ಅವಳನ್ನು ಸಾಧ್ವಿ ಎಂದೆಲ್ಲ ನೀವು ಊಹಿಸಬಾರದು. ಅಂಥ ಜಗಳಗಂಟಿ ಗಿರಾಕಿ ಇಡೀ ಕೋಡಿಬಾಗದಲ್ಲಿ ಇನ್ನೊಬ್ಬಳಿಲ್ಲ. ಪ್ರತಿ ಬಂಗಡೆಯ ಕಿವಿರೂ ಎತ್ತಿ ನೋಡಿ, ನಿನ್ನೆಯದು ಎಂದು ಮೂಗು ಮುರಿದು, ನಾವು ಬುಟ್ಟಿ ಎತ್ತಿ ಹೊರಟಂತೆ ಮಾಡಿದ ಮೇಲೆಯೇ ಕೊಳ್ಳುವವಳು. ಕೊಂಡ ಮೇಲೆ ಮಾತ್ರ ಚಹ ಕೊಡದೆ ಕಳಿಸುತ್ತಿರಲಿಲ್ಲ.

ಅಂದು ನಾನೊಬ್ಬಳೇ ಬಂದದ್ದು ಕಂಡು ಅಮ್ಮ ಎಲ್ಲಿ ಎಂದಳು. ಹೇಳಿದೆ. ಅಜ್ಜಿ ಅಂದು ಚೌಕಾಸಿ ಮಾಡಲಿಲ್ಲ. ಅದಕ್ಕೇ ನನಗೆ ಅಳು ಬಂತು. ಅಷ್ಟು ದಿನ ಯಾರ ಸಮಾಧಾನದ ಮಾತಿಗೂ ಬಾರದ ಅಳು, ಚೌಕಾಸಿ ಮಾಡದೆ ಕೊಂಡ ಆರು ಬಂಗಡೆಗೆ ಬಂತು. ಅವಳು ನನ್ನನ್ನು ಒಳಗೆ ಕೂರಿಸಿದಳು.

“ಅಪ್ಪನ ಹೆಸ್ರು ಎಂತದು?” ಎಂದು ಕೇಳಿದಳು. ಅವಳಾಡಿದ್ದು ಕೊಂಕಣಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಯಾಕೆ?”

“ನವೆಂಬರ್ ನಮ್ಮಲ್ಲಿ ಸತ್ತವರ ತಿಂಗಳು. ದಿನಾ ಸಂಜೆ ಹೆಸ್ರು ಹೇಳಿ ಬೇಡ್ಕಂತೇವೆ. ನಿನ್ನಪ್ಪನದೂ ಸೇರಸ್ತೆ.”

“ನಾ ಅವನ ಹತ್ರ ಮಾತಾಡ್ತಿರ್ಲಿಲ್ಲ ಅಜ್ಜಿ. ಅವನಿಗೆ ನನ್ನ ಮೇಲೆ ಸಿಟ್ಟು ಅದೆ. ಕಾಗೆಯೂ ಬರ್ಲಿಲ್ಲ.”

“ಹಾಗಾದ್ರೆ ಈಗ ಮಾತಾಡು,” ಎಂದಳು, ಮೀನು ತೊಳೆಯಲು ಏಳುತ್ತ. “ಸತ್ತವರಿಗೆ ಬೇರೆ ಕೆಲಸ ಇಲ್ಲ. ಕೇಳ್ತಾರೆ.”

ಅವಳು ಹಿತ್ತಲಿಗೆ ಹೋದಳು. ಗೋಡೆಯ ಮೇಲೆ ಯೇಸುವಿನ ಚಿತ್ರ, ಮುಂದೆ ಒಂದು ಸಣ್ಣ ಕೆಂಪು ಬಲ್ಬು. ನೋಡುವವರು ಯಾರೂ ಇರಲಿಲ್ಲ. ನಾನು ನನ್ನ ಬದುಕಿನ ಮೊದಲ ಪ್ರಾರ್ಥನೆ ಅಲ್ಲಿ ಮಾಡಿದೆ. ಯಾರೋ ಬರೆದಿಟ್ಟ ಪ್ರಾರ್ಥನೆಯಲ್ಲ. “ಗಾಬೋಳಿ ಬೆಕ್ಕಿಗೆ ಹಾಕಬಾರದಾಗಿತ್ತು,” ಎಂದೆ. ಅಷ್ಟೆ. ಎದ್ದು ಬುಟ್ಟಿ ಹೊತ್ತೆ. ಮುಂದಿನ ಮನೆಯವರು ಇವಳ್ಯಾಕೆ ಇಷ್ಟು ತಡ ಎಂದು ಬೈದರು.

ಮುಂದಿನ ವರ್ಷ ನನಗೆ ಅಂಕೋಲೆಯಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಡಾಕ್ಟರು ಹಲ್ಲು ಕೀಳುವಾಗ ರೋಗಿಯ ಬಾಯಿಗೆ ಬೆಳಕು ಹಿಡಿಯುವುದು, ಹೆದರಿದವರ ಕೈ ಹಿಡಿಯುವುದು. ದಿನಾ ಕಾರವಾರದಿಂದ ಬಸ್ಸು. ಅಜ್ಜಿ ಯೇಸುವಿನ ಕಥೆಯಿರುವ, ಕನ್ನಡದ ಒಂದು ಸುವಾರ್ತೆಯ ಪುಸ್ತಕ ಕೊಟ್ಟಿದ್ದಳು. ಬಸ್ಸಿನಲ್ಲಿ ಅದನ್ನು ವಾರಪತ್ರಿಕೆಯೊಳಗೆ ಇಟ್ಟು ಓದುತ್ತಿದ್ದೆ. ಓದುತ್ತ ಓದುತ್ತ ಜಗಳವಾಡುತ್ತಿದ್ದೆ. ಇದೆಂಥ ನ್ಯಾಯ, ಇದು ಹೇಗೆ ಸಾಧ್ಯ ಎಂದು ಪುಟದ ಬದಿಗೆ ಪೆನ್ಸಿಲ್ಲಿನಲ್ಲಿ ಗೀಚುತ್ತಿದ್ದೆ. ಆದರೂ ಅಲ್ಲಿ ಯೇಸು ಊಟಕ್ಕೆ ಕೂರುವ ರೀತಿ ನನಗೆ ಇಷ್ಟವಾಯಿತು. ಯಾರ ಮನೆಗೂ ಹೋಗುತ್ತಾನೆ, ಯಾರ ಜೊತೆಗೂ ಉಣ್ಣುತ್ತಾನೆ, ಮೀನಿನವರನ್ನು ಮೊದಲು ಕರೆಯುತ್ತಾನೆ. ನಮ್ಮ ಕೇರಿಯ ವಾಸನೆ ಗೊತ್ತಿರುವವನು ಎನಿಸಿತು.

ಒಂದು ಭಾನುವಾರ ಅಂಕೋಲೆಯ ಚರ್ಚಿಗೆ ಹೋದೆ. ಕಾರವಾರದಲ್ಲಿ ಚರ್ಚಿಲ್ಲವೇ? ಇದೆ. ಆದರೆ ಅಲ್ಲಿ ಬೆಂಚಿನ ಮೇಲೆ ಕೂತವರೆಲ್ಲ ಅಮ್ಮನ ಗಿರಾಕಿಗಳು! ಒಳಗೆ ಕಾಲಿಟ್ಟರೆ ಪೂಜೆ ಮುಗಿಯುವ ಮೊದಲೇ ಸುದ್ದಿ ಬುಟ್ಟಿಗೆ ಬಂದು ಬೀಳುತ್ತಿತ್ತು. ಅದಕ್ಕೇ ಅಂಕೋಲೆ. ಮನೆಯಲ್ಲಿ ಭಾನುವಾರವೂ ಅರ್ಧ ದಿನ ಡ್ಯೂಟಿ ಇದೆ ಎಂದು ಹೇಳಿದೆ.

“ಆಯ್ತವಾರ ಯಾರು ಹಲ್ಲು ಕೀಳಿಸ್ಕಂತಾರೆ?” ಎಂದಳು ಅಮ್ಮ.

“ಹಲ್ಲುನೋವಿಗೆ ಆಯ್ತವಾರ ಸೋಮವಾರ ಉಂಟಾ?” ಎಂದೆ.

ಅವಳು ಬುಟ್ಟಿ ತೊಳೆಯಲು ಎದ್ದಳು. ಗೆದ್ದೆ ಅಂದುಕೊಂಡೆ.

ಮೊದಲ ದಿನ ಹಿಂದಿನ ಬೆಂಚಿನಲ್ಲಿ, ಬಾಗಿಲ ಪಕ್ಕದಲ್ಲೇ ಕೂತೆ, ಓಡಲು ಅನುಕೂಲವಾಗಲಿ ಎಂದು. ಪೂಜೆ ಶುರುವಾದ ಸ್ವಲ್ಪಕ್ಕೇ ಎಲ್ಲರೂ ಎದೆ ಮುಟ್ಟಿಕೊಂಡು, ತಪ್ಪು ಮಾಡಿದ್ದೇನೆ ಎಂದು ಒಟ್ಟಿಗೆ ಹೇಳಿದರು. ಮುಂದೆ ಕೂತ ದೊಡ್ಡ ಮನೆಯ ಹೆಂಗಸು ಹೇಳಿದಳು, ಪಾದ್ರಿಯೂ ಹೇಳಿದರು, ಪಕ್ಕದಲ್ಲಿದ್ದ ಶಾಲೆಯ ಹುಡುಗಿಯೂ ಹೇಳಿದಳು. ನನಗೆ ಕಡಲ ದಂಡೆ ನೆನಪಾಯಿತು. ಅಲ್ಲಿ ಎಲ್ಲರೂ ನನ್ನ ಮುಖ ನೋಡಿದ್ದರು, ನಾನೊಬ್ಬಳೇ ಹೇಳಬೇಕಾಗಿತ್ತು. ಇಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎಲ್ಲರಿಗೂ ಹೇಳುವುದಿತ್ತು. ನನ್ನ ಬಾಯಿ ತಾನಾಗಿ ತೆರೆಯಿತು. ಆಮೇಲಿನ ವಾರ ಮತ್ತೆ ಹೋದೆ. ಅದರಾಚೆಯ ವಾರವೂ.

ಅಲ್ಲಿನ ಫಾದರ್ ವಯಸ್ಸಾದವರು, ಮಾತು ಕಮ್ಮಿ. ನನ್ನ ಪೆನ್ಸಿಲ್ ಗೀಚಿನ ಪುಸ್ತಕವನ್ನು ಅವರ ಮುಂದಿಟ್ಟು ಗಂಟೆಗಟ್ಟಲೆ ತಕರಾರು ತೆಗೆಯುತ್ತಿದ್ದೆ. ಕೆಲವಕ್ಕೆ ಉತ್ತರ ಕೊಡುತ್ತಿದ್ದರು, ಕೆಲವಕ್ಕೆ “ನಂಗೂ ಗೊತ್ತಿಲ್ಲ” ಎನ್ನುತ್ತಿದ್ದರು. ಗೊತ್ತಿಲ್ಲ ಎಂದದ್ದಕ್ಕೇ ಅವರ ಮೇಲೆ ವಿಶ್ವಾಸ ಬಂತು. ಎರಡನೆಯ ವರ್ಷದ ಹೊತ್ತಿಗೆ ದೀಕ್ಷಾಸ್ನಾನ ಕೊಡಿ ಎಂದು ನಾನೇ ಕೇಳಿದೆ. ಈಸ್ಟರಿನ ದಿನ ಬೆಳಿಗ್ಗೆ ಆಗಬಹುದು ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

“ಅಮ್ಮನಿಗೆ ಹೇಳಿದ್ದೀಯಾ?”

“ಇಲ್ಲ ಫಾದರ್. ನಂಗೆ ಇಪ್ಪತ್ತಮೂರು ಆಯ್ತು. ಮೇಜರ್.”

“ನೀನು ಮೇಜರ್ ಹೌದು. ಆದ್ರೆ ಅಮ್ಮನಿಗೆ ಕದ್ದು ಬಂದವಳ ತಲೆಗೆ ನಾನು ನೀರು ಹಾಕುವುದಿಲ್ಲ. ಅವರು ಒಪ್ಪಲೇಬೇಕು ಅಂತಿಲ್ಲ. ಗೊತ್ತಿರಬೇಕು, ಅಷ್ಟೆ.”

ನನಗೆ ಕೆಂಡದಂಥ ಸಿಟ್ಟು ಬಂತು. ಎರಡು ವಾರ ಅವರ ಹತ್ತಿರ ಹೋಗಲಿಲ್ಲ. ಅವರಿಗೇನು, ಹೇಳು ಎಂದುಬಿಟ್ಟರು! ಅಣ್ಣನಿಗೆ ಅವನ ಸಂಸಾರವಿತ್ತು, ಅಪ್ಪ ಹೋದ ಮೇಲೆ ನನಗೆ ಉಳಿದದ್ದು ಅಮ್ಮ ಒಬ್ಬಳೇ. ನಮ್ಮ ಪಕ್ಕದ ಕೇರಿಯಲ್ಲಿ ಜಾತಿ ಬಿಟ್ಟು ಮದುವೆಯಾದ ಹುಡುಗಿಯ ಅಮ್ಮ, ಮಗಳು ಬದುಕಿದ್ದಾಗಲೇ ಅವಳು ಸತ್ತಳೆಂದು ತಲೆಗೆ ನೀರು ಹೊಯ್ದುಕೊಂಡಿದ್ದಳು. ನನ್ನಮ್ಮನೂ ಹಾಗೆ ಮಾಡಿದರೆ? ನೂಲು ಹುಣ್ಣಿಮೆಯ ದಿನ ಅಣ್ಣ ಸಮುದ್ರಕ್ಕೆ ತೆಂಗಿನಕಾಯಿ ಕೊಡುವಾಗ ಆರತಿ ತಟ್ಟೆ ಹಿಡಿಯುವವಳು ಮನೆಮಗಳಾದ ನಾನು. ಆ ತಟ್ಟೆ ನನ್ನ ಕೈಗೆ ಬಾರದ ದಿನ ನನಗೆ ಮನೆಯೇ ಇಲ್ಲ ಎಂದು ಲೆಕ್ಕ ಹಾಕಿದ್ದೆ.

ಕೋಡಿಬಾಗದ ಅಜ್ಜಿಗೆ ವಿಷಯ ಗೊತ್ತಿತ್ತು. ಅಮ್ಮ ಮತ್ತೆ ಬುಟ್ಟಿ ಹೊತ್ತು ಅವಳ ಮನೆಗೆ ಹೋಗುತ್ತಿದ್ದಳಲ್ಲ, ಹೇಳಬೇಡ ಎಂದು ಬೇಡಿಕೊಂಡಿದ್ದೆ.

“ನಾ ಸುಳ್ಳು ಹೇಳೂದಿಲ್ಲ,” ಎಂದಿದ್ದಳು ಅಜ್ಜಿ. “ಅವಳು ಕೇಳಿದ್ರೆ ಹೇಳ್ತೆ. ಕೇಳದಿದ್ರೆ ನಮ್ಮದು ಮೀನಿನ ಮಾತು ಮಾತ್ರ.”

ಅಮ್ಮ ಕೇಳಲಿಲ್ಲ. ಅವಳಿಗೆ ಸಂಶಯವೇ ಇಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ಅಷ್ಟರಲ್ಲಿ ತಪಸ್ಸು ಕಾಲ ಬಂತು. ಈಸ್ಟರಿಗೆ ಮುಂಚಿನ ಆ ನಲವತ್ತು ದಿನಗಳಲ್ಲಿ ಬರುವ ಶುಕ್ರವಾರಗಳಂದು ಮಾಂಸ ತಿನ್ನಬಾರದು, ಮೀನು ತಿನ್ನಬಹುದು. ಮೀನುಗಾರರ ಮನೆಯವಳಿಗೆ ಇದಕ್ಕಿಂತ ಸುಲಭದ ವ್ರತ ಯಾವುದಿದೆ? ಒಂದು ಶುಕ್ರವಾರ ಅತ್ತಿಗೆಯ ತವರಿನವರು ಬಂದರು. ಕೋಳಿ ಸಾರು, ವಡೆ. ಬಡಿಸಲು ಬಂದ ಅಮ್ಮನಿಗೆ ನಾನು ಕೈ ಅಡ್ಡ ಹಿಡಿದೆ. “ನಂಗೆ ಹೊಟ್ಟೆ ಸರಿ ಇಲ್ಲ,” ಎಂದೆ. ಹೊಟ್ಟೆ ಸರಿ ಇಲ್ಲದವಳು ಹಿಂದಿನ ದಿನ ಉಳಿದಿದ್ದ ಬಂಗಡೆಯ ಸಾರನ್ನು ಬಿಸಿ ಮಾಡಿಕೊಂಡು ಎರಡು ಸಲ ಅನ್ನ ಹಾಕಿಕೊಂಡು ಉಂಡೆ. ಅಮ್ಮ ನನ್ನ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು, ಬೀಗರಿಗೆ ವಡೆ ಹಾಕಲು ಹೋದಳು. ನಾನು ಮುಳ್ಳು ಆರಿಸುವುದರಲ್ಲಿ ಮಗ್ನಳಾಗಿದ್ದೆ.

ಗುಡ್ ಫ್ರೈಡೇ ಬಂದೇಬಿಟ್ಟಿತು. ಭಾನುವಾರ ಈಸ್ಟರ್. ಎರಡು ವಾರದ ಸಿಟ್ಟು ಇಳಿದು ಫಾದರ್ ಹತ್ತಿರ ಹೋಗಿ, ಶುಕ್ರವಾರ ಖಂಡಿತ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಬೆಳಿಗ್ಗೆ ಎದ್ದಾಗಿನಿಂದ ಮಾತನ್ನು ಬಾಯಲ್ಲೇ ತಿರುಗಿಸುತ್ತಿದ್ದೆ. ಅಮ್ಮಾ, ಒಂದು ವಿಷಯ. ಅಮ್ಮಾ, ಸಿಟ್ಟಾಗಬೇಡ. ಯಾವುದೂ ಸರಿಹೋಗಲಿಲ್ಲ. ಕ್ಲಿನಿಕ್ಕಿಗೆ ರಜೆ. ಅಮ್ಮನೂ ಅಂದು ಬುಟ್ಟಿ ಹೊತ್ತು ಹೋಗಿರಲಿಲ್ಲ. ಯಾಕೆ ಹೋಗಲಿಲ್ಲ ಎಂದು ಯೋಚಿಸುವಷ್ಟು ತಲೆ ನನಗೆಲ್ಲಿತ್ತು? ಅಡುಗೆಮನೆಯಿಂದ ತಾರ್ಲೆ ಮೀನು ಹುರಿಯುವ ವಾಸನೆ ಬರುತ್ತಿತ್ತು.

ಊಟಕ್ಕೆ ಕರೆದಳು. ಅಣ್ಣ ಕೂತ, ಅತ್ತಿಗೆ ಕೂತಳು, ನಾನು ಕೂತೆ. ಅಣ್ಣನಿಗೆ ಅನ್ನ, ಸಾರು, ಹುರಿದ ತಾರ್ಲೆ. ಅತ್ತಿಗೆಗೂ ಅದೇ. ನನ್ನ ಮುಂದೆ ಅಮ್ಮ ಒಂದು ಬಟ್ಟಲು ಇಟ್ಟಳು. ಕುಚ್ಚಲಕ್ಕಿ ಗಂಜಿ. ಬದಿಗೆ ಒಂದು ಮಿಡಿ ಉಪ್ಪಿನಕಾಯಿ.

“ಇದೆಂತದು?” ಎಂದೆ.

“ಗಂಜಿ.”

“ನಂಗ್ಯಾಕೆ ಗಂಜಿ?”

“ಇವತ್ತು ಆ ಅಜ್ಜಿ ಮನೇಲಿ ಮೀನೂ ಇಲ್ಲ. ಒಂದೇ ಹೊತ್ತು, ಗಂಜಿ. ಮೂವತ್ತು ವರ್ಷದಿಂದ ಈ ಶುಕ್ರವಾರ ನಾ ಆ ಬದಿಗೆ ಬುಟ್ಟಿ ಹೊತ್ಕ ಹೋಗೂದಿಲ್ಲ,” ಎಂದಳು ಅಮ್ಮ. “ನಿಂಗೆ ಬೇರೆ ಲೆಕ್ಕ ಉಂಟಾ?”

ಅಣ್ಣನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ತಟ್ಟೆ ತಳ್ಳಿ ಎದ್ದ. “ಕೇರಿಯವ್ರಿಗೆ ಎಂತ ಹೇಳೂದು?” ಎಂದು ಕೂಗಿದ.

“ಕೇರಿಯವ್ರಿಗೆ ನಾ ಹೇಳ್ತೆ. ನೀ ಕೂತ್ಕಂಡು ಉಣ್ಣು. ತಾರ್ಲೆ ತಣ್ಣಗಾಗ್ತದೆ,” ಎಂದಳು ಅಮ್ಮ. ಅವನು ಉಣ್ಣದೆ ಹೊರಗೆ ಹೋದ, ಅತ್ತಿಗೆ ಹಿಂದೆಯೇ ಹೋದಳು. ನಾವಿಬ್ಬರೇ ಉಳಿದೆವು.

“ಯಾವಾಗ ಗೊತ್ತಾಯ್ತು?” ಎಂದು ಕೇಳಿದೆ.

“ಹೋದ ವರ್ಷ. ಶುಕ್ರವಾರ ಕೋಳಿ ದೂಡಿ ಬಂಗಡೆ ತಿಂದೆ. ಈ ವರ್ಷ ಬೀಗರ ಎದ್ರೂ ಅದನ್ನೇ ಮಾಡ್ದೆ. ನಮ್ಮವ್ರಲ್ಲಿ ಯಾರಾದ್ರೂ ಹಾಗೆ ಮಾಡ್ತಾರಾ? ವ್ರತ ಅಂದ್ರೆ ಮೀನು ಬಿಡ್ತಾರೆ, ಕೋಳಿಯೂ ಬಿಡ್ತಾರೆ. ಕೋಳಿ ಬಿಟ್ಟು ಮೀನು ತಿನ್ನೋರು ಯಾರು ಹೇಳಿ ನಂಗೆ ಗೊತ್ತಿಲ್ವಾ? ಅವ್ರಿಗಾಗೇ ಆ ಶುಕ್ರವಾರಗಳಿಗೆ ನಾ ಒಳ್ಳೆ ಮೀನು ತೆಗೆದಿಡ್ತೆ. ಮತ್ತೆ ಆಯ್ತವಾರ ಹಲ್ಲು ಕೀಳೂದಂತೆ! ಇಡೀ ಅಂಕೋಲೆಯ ಹಲ್ಲು ಇಷ್ಟೊತ್ತಿಗೆ ಖಾಲಿ ಆಗ್ಬೇಕಿತ್ತು.”

“ಅಜ್ಜಿ ಹತ್ರ ಕೇಳಿದ್ರೆ ಹೇಳ್ತಿದ್ದಳು.”

“ಅವಳ ಹತ್ರ ನಾ ಯಾಕೆ ಕೇಳ್ಲಿ? ನನ್ನ ಮಗಳು ನಂಗೆ ಹೇಳ್ಬೇಕು.” ಇಷ್ಟು ಹೊತ್ತು ಗಟ್ಟಿಯಾಗಿದ್ದ ಅವಳ ದನಿ ಅಲ್ಲಿ ಒಡೆಯಿತು. “ಒಂದು ವರ್ಷ ಕಾದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಹೇಳಿ. ಯಾವ ದೇವರ ಹತ್ರವಾದ್ರೂ ಹೋಗು ಮಾರಾಯ್ತಿ. ನಂಗೆ ಸುಳ್ಳು ಹೇಳಿ ಯಾಕೆ ಹೋಗೂದು? ನಾ ಅಷ್ಟು ಕೆಟ್ಟವಳಾ?”

ನಾನು ಅತ್ತೆ. ತಪ್ಪಾಯ್ತು ಎಂದೆ. ಕಡಲ ದಂಡೆಯಲ್ಲಿ ಬಾರದ ಮಾತು ಅಮ್ಮನ ಎದುರು ಎಷ್ಟು ಸುಲಭವಾಗಿ ಬಂತು! ಬಂದ ಮೇಲೆ ಎಲ್ಲವೂ ಬಂತು. ಛತ್ರಿ, ಗಾಬೋಳಿ, ಆಸ್ಪತ್ರೆಯ ಬಾಗಿಲು, ಕಾಗೆ. ಅಪ್ಪ ನನ್ನನ್ನು ಕ್ಷಮಿಸಲಿಲ್ಲ, ಅದಕ್ಕೇ ಕಾಗೆ ಬರಲಿಲ್ಲ, ಆ ಭಾರ ಇಳಿಸಿಕೊಳ್ಳಲು ಅಲ್ಲಿಗೆ ಹೋದೆ ಎಂದೆಲ್ಲ ಹೇಳಿದೆ.

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನೇ ನೋಡಿದಳು.

“ಕಾಗೆಯಾ? ಅಯ್ಯೋ ಹುಚ್ಚಿ! ಆ ದಿನ ಬೈತಖೋಲದ ಬಂದರಿನಲ್ಲಿ ಬಂಗಡೆ ರಾಶಿ ಬಿದ್ದಿತ್ತು. ನಾ ಮನೇಲಿ ಕೂತಾಗ ಪಕ್ಕದ ಮನೆಯವಳು ಬಂದು ಹೇಳ್ದಳು, ಬುಟ್ಟಿ ಸಾಲದೆ ಜನ ಮೀನು ದಕ್ಕೆ ಕಟ್ಟೆ ಮೇಲೇ ಸುರೀತಿದ್ರಂತೆ. ಊರಿನ ಕಾಗೆ ಎಲ್ಲ ಅಲ್ಲೇ. ತಾಜಾ ಬಂಗಡೆ ಬಿಟ್ಟು ನಿಮ್ಮ ತಣ್ಣನೆ ಅನ್ನ ತಿನ್ನೂಕೆ ಯಾವ ಕಾಗೆ ಬರ್ತದೆ?”

ನಾನು ಗಂಜಿಯ ಬಟ್ಟಲು ಬದಿಗೆ ಸರಿಸಿದೆ.

“ನಿಂಗೆ ಇದು ಗೊತ್ತಿತ್ತಾ? ನಂಗೆ ಯಾಕೆ ಹೇಳ್ಲಿಲ್ಲ?”

“ನೀ ಕೇಳ್ಬೇಕಲ್ಲ! ನಿನ್ನ ತಲೇಲಿ ಕಾಗೆ ಗೂಡು ಕಟ್ಟಿದ್ದು ನಂಗೆಂತ ಗೊತ್ತು? ಮತ್ತೆ ನಿನ್ನಪ್ಪನಿಗೆ ಸಿಟ್ಟು ಎಲ್ಲಿತ್ತು? ಆಸ್ಪತ್ರೇಲಿ ನೀ ಬಾಗಿಲ ಹತ್ರ ನಿಂತದ್ದು ನೋಡಿ, ಹುಡ್ಗಿ ಬಂದದೆ, ಬಂದದೆ ಹೇಳಿ ನನ್ನ ಕೈ ಚಿವುಟ್ತಿದ್ದ. ಅವನಿಗೆ ಅಷ್ಟೇ ಸಾಕಾಗಿತ್ತು.”

ನನಗೆ ನಗು ಬಂತು. ಅಳುವಿನ ನಡುವೆಯೇ ಬಂದ ನಗು ನಿಲ್ಲಲೇ ಇಲ್ಲ. ಅಮ್ಮನೂ ನಕ್ಕಳು. ಹೊರಗೆ ಕೂತಿದ್ದ ಅಣ್ಣ, ಇವರಿಗೆ ತಲೆ ಕೆಟ್ಟಿದೆ ಎಂದು ಅತ್ತಿಗೆಗೆ ಹೇಳುವುದು ಕೇಳಿಸಿತು. ಇಷ್ಟು ದಿನ ಹೊಟ್ಟೆಯೊಳಗಿದ್ದ ಕಲ್ಲು ಎಲ್ಲಿ ಹೋಯಿತೋ ತಿಳಿಯಲಿಲ್ಲ. ತಣ್ಣಗಾದ ಗಂಜಿಯನ್ನು ಕೊನೆಯ ಅಗುಳಿನವರೆಗೆ ಉಂಡೆ. ಅಷ್ಟು ರುಚಿಯಾದ ಊಟ ನಾನು ಮತ್ತೆ ಉಂಡಿಲ್ಲ.

ಆದರೆ ಮರುದಿನ, ಶನಿವಾರ, ಒಂದು ಹೊಸ ಹೆದರಿಕೆ ಹಿಡಿಯಿತು. ಭಾರ ಇಳಿಸಲೆಂದು ಚರ್ಚಿಗೆ ಹೋದವಳು ನಾನು. ಭಾರ ಈಗ ನಮ್ಮ ಅಡುಗೆಮನೆಯಲ್ಲೇ ಇಳಿದುಹೋಯಿತು. ಕಾಗೆ ಬಾರದ್ದಕ್ಕೆ ಬಂಗಡೆ ಕಾರಣವಾದರೆ, ನಾನು ಅಂಕೋಲೆಗೆ ಇನ್ನು ಯಾಕೆ ಹೋಗಬೇಕು? ನನ್ನ ನಂಬಿಕೆಯೆಲ್ಲ ಬರೀ ಅಂಜಿಕೆಯೇ ಆಗಿತ್ತೇ? ಇಡೀ ದಿನ ಬಟ್ಟೆ ಒಗೆಯುತ್ತ, ನೀರು ಸೇದುತ್ತ ನನ್ನನ್ನೇ ಕೇಳಿಕೊಂಡೆ. ಸಂಜೆ ಅಜ್ಜಿಯ ಮನೆಗೆ ಹೋಗಿ ಅವಳ ಹತ್ತಿರವೂ ಕೇಳಿದೆ.

“ಹಲ್ಲುನೋವು ಹೇಳಿ ನಿಮ್ಮ ಕ್ಲಿನಿಕ್ಕಿಗೆ ಬಂದವ್ರು, ನೋವು ಹೋದ ಮೇಲೆ ಮತ್ತೆ ಬರ್ತಾರಾ?” ಎಂದಳು ಅಜ್ಜಿ.

“ಇಲ್ಲಪ್ಪ. ನಮ್ಮ ಮುಖ ಕಂಡ್ರೆ ರಸ್ತೆ ದಾಟ್ತಾರೆ.”

“ನಿಂಗೆ ನಾಳೆ ಹೋಗ್ಬೇಕು ಹೇಳಿ ಅನಿಸ್ತದಾ, ಇಲ್ವಾ?”

ಅನಿಸುತ್ತಿತ್ತು. ಆಶ್ಚರ್ಯವೆಂದರೆ ಹಿಂದಿಗಿಂತ ಹೆಚ್ಚು ಅನಿಸುತ್ತಿತ್ತು. ಇಷ್ಟು ದಿನ ಬೇಡಲು ಹೋಗುತ್ತಿದ್ದೆ, ಈಗ ಬೇಡಲು ಏನೂ ಇರಲಿಲ್ಲ, ಸುಮ್ಮನೆ ಹೋಗಿ ಕೂರಬೇಕು ಎನಿಸುತ್ತಿತ್ತು. ಹಾಗೆಂದೆ. ಅಜ್ಜಿ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ನಾಳೆ ಹಬ್ಬಕ್ಕೆ ನಿನ್ನಮ್ಮ ಇಸವಣ ತರುತ್ತೇನೆಂದಿದ್ದಳು, ಎಲ್ಲಿ ಎಂದು ಜಗಳ ತೆಗೆದಳು.

ಅಣ್ಣನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎರಡು ತಿಂಗಳು ಅವನು ನನ್ನ ಹತ್ತಿರ ಮಾತು ಬಿಟ್ಟ. ಮಾತು ಬಿಡುವುದರಲ್ಲಿ ನಾನು ಅವನಿಗಿಂತ ಹಳಬಳಲ್ಲವೇ, ಆ ದಾರಿ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ಅವನು ಉತ್ತರ ಕೊಡಲಿ ಬಿಡಲಿ, ದಿನಾ ನಾನೇ ಮಾತಾಡಿಸಿದೆ. ಮಳೆ ಹಿಡಿಯುವ ಹೊತ್ತಿಗೆ ಅವನಿಗೆ ದವಡೆ ಹಲ್ಲು ನೋವು ಬಂತು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಹಲ್ಲು ಕಿತ್ತ ಮೇಲೆ ಬಾಯಿಗೆ ಹತ್ತಿ ತುರುಕಿದ್ದರೂ ಮಾತಾಡಿದ. ಆ ವರ್ಷದ ನೂಲು ಹುಣ್ಣಿಮೆಗೆ ಆರತಿ ತಟ್ಟೆ ಅತ್ತಿಗೆ ಹಿಡಿದಳು. ಅದು ನಾನೇ ಬಿಟ್ಟುಕೊಟ್ಟದ್ದು. ಪಕ್ಕದಲ್ಲಿ ನಿಲ್ಲಲು ಅಣ್ಣನೇ ಕರೆದ, ನಿಂತೆ.

ಈಸ್ಟರಿನ ಬೆಳಿಗ್ಗೆ ಬಿಳಿ ಸೀರೆ ಉಟ್ಟು ಹೊರಟೆ. ಅಮ್ಮ ಬುಟ್ಟಿಯಲ್ಲಿ ಇಸವಣ ಜೋಡಿಸುತ್ತಿದ್ದಳು. ಹಬ್ಬದ ದಿನ, ಕೋಡಿಬಾಗದ ಮನೆಗಳಲ್ಲಿ ಅವಳಿಗೂ ಪುರಸೊತ್ತಿಲ್ಲದ ದಿನ. ಕೈ ತೊಳೆದು ಬಂದು ನನ್ನ ತಲೆಗೆ ಅಬ್ಬಲಿಗೆ ಹೂವಿನ ಮಾಲೆ ಮುಡಿಸಿದಳು. ಅವಳ ಕೈಯಿಂದ ಸಾಬೂನಿನ ವಾಸನೆ, ಅದರಡಿಗೆ ಮೀನಿನ ವಾಸನೆ ಬರುತ್ತಿತ್ತು.

“ಡ್ಯೂಟಿಗೆ ಹೊರಟ್ಯಾ?” ಎಂದಳು.

“ಹೂಂ. ಡ್ಯೂಟಿಗೆ.”

ಹೊಸಿಲು ದಾಟಿದ್ದೆ. ಹಿಂದಿನಿಂದ ಕರೆದಳು.

“ಅಲ್ಲಿ ಸತ್ತವರ ಹೆಸ್ರು ಹೇಳೂದು ಉಂಟಲ್ಲ? ಆ ಅಜ್ಜಿ ಹೇಳ್ತಿದ್ದಳು.”

“ಉಂಟು. ಮನಸ್ಸಿನಲ್ಲೇ ಹೇಳ್ಬಹುದು.”

“ಹಾಗಾದ್ರೆ ನಿನ್ನಪ್ಪನ ಹೆಸ್ರು ಪೂರ್ತಿ ಹೇಳು. ಅವನ ಅಪ್ಪನದು, ಮನೆತನದ್ದು ಎಲ್ಲ ಸೇರಿಸಿ. ನಮ್ಮ ಕೇರೀಲಿ ಆ ಹೆಸ್ರಿನವ್ರು ನಾಲ್ಕು ಜನ ಇದ್ರು. ನಿನ್ನ ದೇವ್ರಿಗೆ ನಾವು ಹೊಸಬ್ರು, ಯಾರು ಹೇಳಿ ತಿಳಿಬೇಕಲ್ಲ.”

ಅಂಕೋಲೆಯ ಚರ್ಚಿನಲ್ಲಿ ಫಾದರ್ ನನ್ನನ್ನು ನೋಡಿ, ಕಣ್ಣಲ್ಲೇ ಕೇಳಿದರು. ಹೇಳಿದೆ ಎಂದು ತಲೆಯಾಡಿಸಿದೆ. ಅವರು ಹಣೆಗೆ ನೀರು ಹೊಯ್ದರು. ನೀರು ಕಿವಿಯ ಹಿಂದೆ ಇಳಿದು ಅಮ್ಮ ಮುಡಿಸಿದ ಅಬ್ಬಲಿಗೆಯನ್ನು ತೋಯಿಸಿ ಕುತ್ತಿಗೆಗೆ ಹರಿಯಿತು. ಸತ್ತವರನ್ನು ನೆನೆಯುವ ಹೊತ್ತು ಬಂದಾಗ ಕಣ್ಣು ಮುಚ್ಚಿ ಅಪ್ಪನ ಹೆಸರು ಹೇಳಿದೆ. ಅವನ ಅಪ್ಪನ ಹೆಸರು, ಮನೆತನದ ಹೆಸರು, ಕೇರಿಯ ಹೆಸರು, ಎಲ್ಲ ಸೇರಿಸಿ. ಛತ್ರಿ ತಂದವನು ಎಂದೂ ಹೇಳಿದೆ, ಗುರುತು ಸಿಗಲಿ ಎಂದು.